ಗರಗವನ್ನು ಕಳೆಯೆಂದು ಸುಡುವ ಮೊದಲು

ಮಳೆ ಹಿಂದೆಗೆದು, ದೀಪಾವಳಿಯ ಎಣ್ಣೆಸ್ನಾನ ಹತ್ತಿರವಾಗುವ ದಿನಗಳಲ್ಲಿ ಬೆಳೆಗಾರ ಬಾಂಧವರು ತಮ್ಮ ತೋಟದ ಬಸಿಗಾಲುವೆಯ ಅಂಚನ್ನು ಒಮ್ಮೆ ನೋಡಬೇಕೆಂದು ನಮ್ಮ ವಿನಂತಿ. ಬಿಳಿಯ ಪುಟ್ಟ ಹೂ ಬಿಟ್ಟ ಗರಗವೂ, ನೆಲಕ್ಕಂಟಿ ಹಬ್ಬುವ ಒಂದೆಲಗವೂ ಅಲ್ಲಿ ಯಾರೂ ನೆಡದೆ, ಯಾರೂ ಗೊಬ್ಬರ ಹಾಕದೆ ಬೆಳೆದಿರುತ್ತವೆ. ನಮ್ಮ ಹಿರಿಯರು ಇವನ್ನು ಕಿತ್ತು ತಂದು, ಮನೆಯ ತೆಂಗಿನೆಣ್ಣೆಯಲ್ಲಿ ಕಾಸಿ, ವರ್ಷಕ್ಕಾಗುವಷ್ಟು ತಲೆಗೆಣ್ಣೆ ಮಾಡಿಟ್ಟುಕೊಳ್ಳುತ್ತಿದ್ದರು. ನಾವಾದರೋ ಇವನ್ನು ‘ಕಳೆ’ ಎಂಬ ಒಂದೇ ಶಬ್ದದಲ್ಲಿ ಮುಗಿಸಿ, ಕಳೆನಾಶಕ ಹೊಡೆದು ಸುಡುತ್ತೇವೆ. ಆಮೇಲೆ ಪೇಟೆಗೆ ಹೋಗಿ, ಅದೇ ಗಿಡಗಳ ಚಿತ್ರ ಅಚ್ಚಾದ ಬಾಟಲಿಯನ್ನು ದುಡ್ಡು ಕೊಟ್ಟು ತರುತ್ತೇವೆ.

ಆ ಬಾಟಲಿಯ ಹಿಂಬದಿಯ ಸಣ್ಣ ಅಕ್ಷರಗಳನ್ನು ಓದುವವರು ಕಡಿಮೆ. ಮಾರುಕಟ್ಟೆಯ ಅನೇಕ ಕೇಶತೈಲಗಳಲ್ಲಿ ಲೈಟ್ ಲಿಕ್ವಿಡ್ ಪ್ಯಾರಾಫಿನ್, ಅಂದರೆ ಪೆಟ್ರೋಲಿಯಂನಿಂದ ಬಂದ ಖನಿಜತೈಲ, ಸೇರಿರುತ್ತದೆ. ಅದು ವಿಷವೆಂದು ನಾವು ಹೇಳುತ್ತಿಲ್ಲ. ತೋಟದ ತುಂಬ ತೆಂಗು ಇರುವ ಮನೆಯವರು ಅದಕ್ಕೆ ಹಣ ತೆರಬೇಕೇ ಎಂಬುದಷ್ಟೇ ನಮ್ಮ ಪ್ರಶ್ನೆ.

ಎಣ್ಣೆ ಕಾಸುವುದು ಕಷ್ಟದ ವಿದ್ಯೆಯಲ್ಲ. ಆದರೆ ಕ್ರಮ ತಪ್ಪಿದರೆ ಎಣ್ಣೆ ಕೆಡುತ್ತದೆ. ಹಸಿ ಸೊಪ್ಪಿನಲ್ಲಿ ಹೆಚ್ಚಿನ ಭಾಗ ನೀರೇ. ಎಣ್ಣೆಯಲ್ಲಿ ಆ ನೀರು ಉಳಿದರೆ ಬೂಷ್ಟು ಹಿಡಿಯುತ್ತದೆ, ನಾತ ಬರುತ್ತದೆ. ಆದ್ದರಿಂದ ಸೊಪ್ಪಿನ ಸಾರವನ್ನು ಎಣ್ಣೆಗಿಳಿಸಿ ನೀರನ್ನು ಪೂರ್ತಿ ಹೊರಗಟ್ಟುವುದೇ ಈ ಕೆಲಸದ ಗುಟ್ಟು. ಶಾರ್ಙ್ಗಧರ ಸಂಹಿತೆಯ ಪ್ರಕಾರ ಅರೆದ ಕಲ್ಕ ಒಂದು ಪಾಲು, ಎಣ್ಣೆ ನಾಲ್ಕು ಪಾಲು, ರಸ ಅಥವಾ ಕಷಾಯ ಹದಿನಾರು ಪಾಲು. ಅಂದರೆ 1 ಲೀಟರ್ ಎಣ್ಣೆಗೆ 4 ಲೀಟರ್ ರಸ. ಅಷ್ಟು ರಸ ಇಂಗಿಸುವುದು ದಿನವಿಡೀ ಒಲೆಯ ಮುಂದೆ ಕೂರುವ ಕೆಲಸ. ವೈದ್ಯರು ಔಷಧವೆಂದು ಹೇಳಿದ ತೈಲಕ್ಕೆ ಆ ಪ್ರಮಾಣ ಬೇಕು. ದಿನಬಳಕೆಯ ತಲೆಗೆಣ್ಣೆಗೆ ಎಣ್ಣೆಯಷ್ಟೇ ರಸವಿದ್ದರೂ ಸಾಕೆಂಬುದು ನಮ್ಮ ಅಭಿಪ್ರಾಯ.

ಗರಗವನ್ನು ಬೇರಿನ ಮಣ್ಣು ಹೋಗುವಂತೆ ತೊಳೆದು, ನೀರಾರಿಸಿ, ಅರೆದು ರಸ ಹಿಂಡಬೇಕು. ದಪ್ಪ ತಳದ ಆಳವಾದ ಪಾತ್ರೆಯಲ್ಲಿ, ಅರ್ಧಕ್ಕಿಂತ ಹೆಚ್ಚು ತುಂಬದ ಹಾಗೆ, ತಣ್ಣನೆಯ ಎಣ್ಣೆಗೇ ರಸವನ್ನೂ ಕಲ್ಕವನ್ನೂ ಸೇರಿಸಿ ಆಮೇಲೆ ಒಲೆಯ ಮೇಲಿಡಬೇಕು. ಕಾದ ಎಣ್ಣೆಗೆ ರಸ ಸುರಿದರೆ ಸಿಡಿದು ಮೈಕೈ ಸುಡುತ್ತದೆ. ಮಕ್ಕಳನ್ನು ಆ ಹೊತ್ತಿನಲ್ಲಿ ಒಲೆಯ ಬಳಿ ಬಿಡಬಾರದು.

ಉರಿ ಸದಾ ಸಣ್ಣದಿರಲಿ. ಪಾತ್ರೆಯಲ್ಲಿ ನೀರು ಇರುವವರೆಗೆ ಶಾಖ ಸುಮಾರು 100 ಡಿಗ್ರಿಯ ಆಸುಪಾಸಿನಲ್ಲೇ ನಿಲ್ಲುತ್ತದೆ. ನೀರು ಮುಗಿದ ಕೂಡಲೇ ಶಾಖ ಬೇಗ ಬೇಗ ಏರಿ ಕಲ್ಕ ಕರಿದು ಹೋಗುತ್ತದೆ. ಗಂಟೆಗಟ್ಟಲೆ ಸುಮ್ಮನಿದ್ದ ಎಣ್ಣೆ ಕೊನೆಯ ಹತ್ತು ನಿಮಿಷದಲ್ಲಿ ಕೆಡುವುದು ಇದೇ ಕಾರಣಕ್ಕೆ. ಹೀಗಾಗಿ ಕೊನೆಯ ಹಂತದಲ್ಲಿ ಒಲೆ ಬಿಟ್ಟು ಏಳಬಾರದು.

ಹದ ತಿಳಿಯಲು ಯಾವ ಉಪಕರಣವೂ ಬೇಡ. ತಳದ ಕಲ್ಕವನ್ನು ಸ್ವಲ್ಪ ತೆಗೆದು, ಆರಿಸಿ, ಬೆರಳುಗಳ ನಡುವೆ ಹೊಸೆದರೆ ಬತ್ತಿಯಂತಾಗಬೇಕು. ಆ ಬತ್ತಿಯನ್ನು ಬೆಂಕಿಗೆ ಹಿಡಿದರೆ ಚಟಚಟ ಸದ್ದಿಲ್ಲದೆ ಉರಿಯಬೇಕು. ಸದ್ದು ಬಂದರೆ ನೀರು ಇನ್ನೂ ಉಳಿದಿದೆಯೆಂದು ಅರ್ಥ. ಹದ ಬಂದಾಗ ಎಣ್ಣೆಯ ಮೇಲೆ ನೊರೆ ಏಳುತ್ತದೆ. ತುಪ್ಪವಾದರೆ ನೊರೆ ಅಡಗುತ್ತದೆ. ಪುಸ್ತಕ ಓದದ ಅಜ್ಜಿಯಂದಿರಿಗೂ ಗೊತ್ತಿದ್ದ ಈ ಪರೀಕ್ಷೆಗಳು ಶಾಸ್ತ್ರಗ್ರಂಥಗಳಲ್ಲಿಯೂ ಇವೆ. ಬಿಸಿ ತಗ್ಗಿದ ಮೇಲೆ ಒಣಬಟ್ಟೆಯಲ್ಲಿ ಸೋಸಿ, ಬಿಸಿಲಲ್ಲಿ ಒಣಗಿಸಿದ ಗಾಜಿನ ಶೀಸೆಗೆ ತುಂಬಿದರೆ ಕೆಲಸ ಮುಗಿಯಿತು. ಚಳಿಯಲ್ಲಿ ಎಣ್ಣೆ ಗಟ್ಟಿಯಾದರೆ ಗಾಬರಿ ಬೇಡ. ಸುಮಾರು 24 ಡಿಗ್ರಿಗಿಂತ ಕೆಳಗೆ ತೆಂಗಿನೆಣ್ಣೆ ಹೆಪ್ಪುಗಟ್ಟುವುದು ಸಹಜ.

ಗಿಡದ ಗುರುತಿನಲ್ಲಿ ಎಚ್ಚರ ಬೇಕು. ಗರಗದ ಹೂ ಬಿಳಿ. ಅದನ್ನು ಹೋಲುವ, ಹಳದಿ ಹೂವಿನ ಬಳ್ಳಿಗಿಡಗಳು ಬೇರೆ. ಒಂದೆಲಗವನ್ನೂ ನೀರುಬ್ರಾಹ್ಮಿಯನ್ನೂ ಜನ ಒಂದೇ ‘ಬ್ರಾಹ್ಮಿ’ ಎಂಬ ಹೆಸರಿನಿಂದ ಕರೆಯುತ್ತಾರೆ. ಅವು ಎರಡು ಬೇರೆ ಗಿಡಗಳು. ಸಂಶಯವಿದ್ದರೆ ಬಲ್ಲವರಿಗೆ ತೋರಿಸದೆ ಪಾತ್ರೆಗೆ ಹಾಕಬಾರದು.

ಅಡುಗೆಯ ಎಣ್ಣೆಯ ವಿಷಯದಲ್ಲಿ ಇನ್ನೊಂದು ಮಾತು. ಹಸಿ ಬೆಳ್ಳುಳ್ಳಿಯನ್ನೋ ಸೊಪ್ಪನ್ನೋ ಎಣ್ಣೆಯಲ್ಲಿ ಮುಳುಗಿಸಿ, ಪರಿಮಳಕ್ಕೆಂದು ತಿಂಗಳುಗಟ್ಟಲೆ ಹೊರಗಿಡುವ ಹೊಸ ರೂಢಿ ಕೆಲವೆಡೆ ಕಾಣುತ್ತಿದೆ. ಇದು ಅಪಾಯಕರ. ಗಾಳಿಯಾಡದ ಎಣ್ಣೆಯ ಅಡಿಯಲ್ಲಿ ಬಾಟುಲಿಸಂ ಎಂಬ ಮಾರಕ ಕಾಯಿಲೆಯನ್ನುಂಟುಮಾಡುವ ಸೂಕ್ಷ್ಮಜೀವಿ ಬೆಳೆಯಬಲ್ಲದು. 1985ರಲ್ಲಿ ಕೆನಡಾದ ವ್ಯಾಂಕೂವರಿನಲ್ಲಿ ಎಣ್ಣೆಯಲ್ಲಿಟ್ಟ ಬೆಳ್ಳುಳ್ಳಿಯಿಂದಲೇ ಹಲವರು ಹೀಗೆ ಕಾಯಿಲೆ ಬಿದ್ದರು. ತಿನ್ನುವ ಎಣ್ಣೆಗೆ ಒಗ್ಗರಣೆಯಂತೆ ಆಗಿಂದಾಗ ಪರಿಮಳ ಕೊಟ್ಟುಕೊಳ್ಳುವುದೇ ಕ್ಷೇಮ.

ಇನ್ನು ಮುಖ್ಯ ವಿಷಯಕ್ಕೆ ಬರೋಣ. ಇಷ್ಟೆಲ್ಲ ವಿಧಾನ ಗೊತ್ತಿದ್ದೂ ನಂಬಿಕೆಯಿಂದ ಕೀಳಬಹುದಾದ ಗರಗ ನಮ್ಮ ತೋಟಗಳಲ್ಲಿ ಎಷ್ಟು ಉಳಿದಿದೆ? ಕೂಲಿಯಾಳು ಸಿಗುವುದಿಲ್ಲ, ಸಿಕ್ಕರೂ ಸಂಬಳ ಪೂರೈಸುವುದಿಲ್ಲ ಎಂಬ ಬೆಳೆಗಾರರ ಸಂಕಟ ನಮಗೆ ಗೊತ್ತು. ಕಳೆನಾಶಕದ ಮೊರೆಹೋದವರನ್ನು ಹಳಿಯುವುದು ಸುಲಭ, ಆದರೆ ನ್ಯಾಯವಲ್ಲ. ಆದರೂ ಗ್ಲೈಫೋಸೇಟಿನಂಥ ದ್ರಾವಣ ಎಲೆಯಿಂದ ಬೇರಿಗಿಳಿದು ಗಿಡವನ್ನು ಬುಡಸಮೇತ ಕೊಲ್ಲುತ್ತದೆ; ಬೇಕಾದ್ದು ಬೇಡವಾದ್ದು ಎಂಬ ವಿವೇಚನೆ ಅದಕ್ಕಿಲ್ಲ. ಅದನ್ನು ಕೀಟನಿಯಂತ್ರಣ ನಿರ್ವಾಹಕರ ಮೂಲಕವಲ್ಲದೆ ಬಳಸಕೂಡದೆಂದು ಕೇಂದ್ರ ಸರ್ಕಾರವೇ 2022ರ ಅಕ್ಟೋಬರಿನಲ್ಲಿ ಅಧಿಸೂಚನೆ ಹೊರಡಿಸಿತ್ತು. ಹೀಗಿರುವಾಗ ದ್ರಾವಣ ಬಿದ್ದ ಅಂಚಿನ ಸೊಪ್ಪನ್ನು ಕಿತ್ತು ಮಗುವಿನ ತಲೆಗೆ ಹಚ್ಚುವ ಎಣ್ಣೆಗೆ ಹಾಕಲು ಯಾವ ತಾಯಿಗೆ ಮನಸ್ಸು ಬಂದೀತು? ಮನೆಯ ಎಣ್ಣೆ ನಿಂತುಹೋದದ್ದಕ್ಕೆ ಹೆಂಗಸರ ಉದಾಸೀನವೇ ಕಾರಣವೆಂಬ ಮಾತನ್ನು ನಾವು ಒಪ್ಪುವುದಿಲ್ಲ. ತೋಟದಲ್ಲಿ ಗಂಡಸರು ಕೈಗೊಂಡ ನಿರ್ಧಾರ ಅಡುಗೆಮನೆಯ ವಿದ್ಯೆಯನ್ನು ಕೊನೆಗಾಣಿಸುತ್ತಿದೆ.

ಆದುದರಿಂದ ನಮ್ಮ ಸಲಹೆ ಸರಳವಾಗಿದೆ. ಪ್ರತಿ ಸದಸ್ಯರೂ ಮನೆಗೆ ಹತ್ತಿರದ ಒಂದು ಬಸಿಗಾಲುವೆಯ ಅಂಚನ್ನಾದರೂ ಕಳೆನಾಶಕ ಸೋಕದಂತೆ ಬಿಟ್ಟುಕೊಡಲಿ. ಮೇಲಿನ ಮಗ್ಗುಲಿನಲ್ಲಿ ಹೊಡೆದರೆ ಮಳೆನೀರಿನೊಡನೆ ಕೆಳಗಿಳಿಯುತ್ತದೆ. ಆದಕಾರಣ ಎತ್ತರದ ಜಾಗವನ್ನೇ ಆರಿಸಿಕೊಳ್ಳುವುದು ಲೇಸು. ಕೊಳೆರೋಗಕ್ಕೆ ಬೋರ್ಡೋ ಹೊಡೆಯುವಾಗ ಮರದಿಂದ ಮೈಲುತುತ್ತದ ಹನಿ ಕೆಳಗಿನ ಸೊಪ್ಪಿನ ಮೇಲೆ ಬೀಳುತ್ತದೆ. ಅಂಥ ಮರಗಳ ನೆರಳು ತಪ್ಪಿದ ಸ್ಥಳ ಉತ್ತಮ. ಉಳಿದ ಕಡೆ ಯಂತ್ರದಿಂದ ಕಳೆ ಸವರಿದರೆ ಬುಡ ಉಳಿದು ಮತ್ತೆ ಚಿಗುರುತ್ತದೆ, ಮಣ್ಣೂ ಕೊಚ್ಚಿಹೋಗದು.

ಸಹಕಾರ ಸಂಘಗಳಿಗೂ ಇಲ್ಲೊಂದು ಹೊಣೆಯಿದೆ. ಮಾರಾಟ ಮಳಿಗೆಯಲ್ಲಿ ಕಳೆನಾಶಕದ ಡಬ್ಬಿ ಇಟ್ಟಂತೆ ಗರಗ, ನೆಲ್ಲಿ, ಕರಿಬೇವು, ಲಾವಂಚದ ಗಿಡಗಳನ್ನೂ ಇಡಬಹುದಲ್ಲವೇ? ವರ್ಷಕ್ಕೊಮ್ಮೆ ಹಿರಿಯ ಹೆಂಗಸರನ್ನು ಕರೆದು ಎಣ್ಣೆಯ ಹದ ತೋರಿಸುವ ಶಿಬಿರ ನಡೆಸಲು ಹೆಚ್ಚಿನ ಖರ್ಚೂ ಬಾರದು. ಆದರೆ ಕೂಡಲೇ ಬಾಟಲಿಗೆ ತುಂಬಿ ಮಾರುವ ಆತುರ ಬೇಡ. ಮನೆಬಳಕೆಗೆ ಯಾರ ಅಪ್ಪಣೆಯೂ ಬೇಕಿಲ್ಲ. ಮಾರಾಟಕ್ಕೆ ತಯಾರಿಸಲು 1940ರ ಔಷಧ ಮತ್ತು ಪ್ರಸಾಧನ ಸಾಮಗ್ರಿ ಕಾಯ್ದೆಯ ಪ್ರಕಾರ ಪರವಾನಗಿ ಬೇಕು. ಬೋಳುತಲೆಯಲ್ಲಿ ಕೂದಲು ಬರಿಸುತ್ತೇವೆಂಬ ಪೊಳ್ಳು ಭರವಸೆಯಂತೂ ಸಂಘದ ಹೆಸರಿಗೆ ಶೋಭಿಸದು.

ಮನೆಯ ಎಣ್ಣೆ ಪವಾಡ ಮಾಡುತ್ತದೆಂದು ನಾವು ಹೇಳುವುದಿಲ್ಲ. ಅದರಲ್ಲಿ ಏನಿದೆಯೆಂಬುದು ಕಾಸಿದವರಿಗೆ ಗೊತ್ತಿರುತ್ತದೆ. ಅಷ್ಟೇ ಅದರ ಹೆಚ್ಚುಗಾರಿಕೆ. ಹದ ನೋಡಲು ಬಲ್ಲ ಹಿರಿಯರು ಇನ್ನೂ ನಮ್ಮ ನಡುವೆ ಇದ್ದಾರೆ. ಅವರ ಕೈಗೆ ಒಂದು ಹಿಡಿ ಶುದ್ಧ ಗರಗವನ್ನು ಒದಗಿಸುವುದು ಬೆಳೆಗಾರರಾದ ನಮ್ಮ ಕೆಲಸ. ಈ ಸಲ ಪಂಪು ಹೆಗಲಿಗೇರಿಸುವ ಮೊದಲು ಆ ಅಂಚನ್ನು ಗುರುತು ಮಾಡಿಬಿಡೋಣ.