ಸರದಿಯೋ, ಅಟ್ಟಿಯೋ?

ನಮ್ಮ ಮೈಸೂರಿನಲ್ಲಿ ಇನ್ಫೋಸಿಸ್ ಸಂಸ್ಥೆಯ ದೊಡ್ಡ ತರಬೇತಿ ಕೇಂದ್ರವಿದೆ. ದೇಶದ ನಾನಾ ಭಾಗಗಳಿಂದ ಪದವೀಧರರು ಗಣಕವಿದ್ಯೆಯನ್ನು ಕಲಿಯಲು ಇಲ್ಲಿಗೆ ಬರುತ್ತಾರೆ. ಆ ವಿದ್ಯೆಯ ಆರಂಭದ ಪಾಠಗಳಲ್ಲಿಯೇ ‘ಕ್ಯೂ’ ಮತ್ತು ‘ಸ್ಟ್ಯಾಕ್’ ಎಂಬ ಎರಡು ವ್ಯವಸ್ಥೆಗಳು ಎದುರಾಗುತ್ತವೆ. ಕ್ಯೂ ಎಂದರೆ ಸರದಿ: ಮೊದಲು ಬಂದುದು ಮೊದಲು ಹೊರಡುತ್ತದೆ. ಸ್ಟ್ಯಾಕ್ ಎಂದರೆ ಅಟ್ಟಿ: ಕೊನೆಯಲ್ಲಿ ಇಟ್ಟುದನ್ನೇ ಮೊದಲು ತೆಗೆಯಬೇಕು. ಕಾಲೇಜುಗಳಲ್ಲಿ ಈ ಲಕ್ಷಣಗಳನ್ನು ಕಂಠಪಾಠ ಮಾಡಿಸುವುದುಂಟು. ಯಾವುದನ್ನು ಎಲ್ಲಿ ಆರಿಸಬೇಕೆಂಬ ವಿವೇಚನೆಗೆ ಮಾತ್ರ ಸಾಕಷ್ಟು ಗಮನ ದೊರೆಯುತ್ತಿಲ್ಲವೆಂದು ನಮಗೆ ತೋರುತ್ತದೆ.

ಅಟ್ಟಿಯನ್ನು ಹಳಿಯುವುದು ನಮ್ಮ ಉದ್ದೇಶವಲ್ಲ. ಗ್ರಂಥವೊಂದನ್ನು ಓದುತ್ತಿರುವಾಗ ಕಠಿಣ ಪದಕ್ಕಾಗಿ ನಿಘಂಟನ್ನು ತೆರೆಯುತ್ತೇವೆ. ಅದರ ವಿವರಣೆಯಲ್ಲಿ ಇನ್ನೊಂದು ಕಠಿಣ ಪದ ಸಿಕ್ಕಿದರೆ ಅದನ್ನೂ ಹುಡುಕುತ್ತೇವೆ. ಈ ಕೊನೆಯ ಪದ ಬಗೆಹರಿದ ಮೇಲೆಯೇ ಹಿಂದಿನದಕ್ಕೆ, ಅಲ್ಲಿಂದ ಗ್ರಂಥಕ್ಕೆ ಮರಳುತ್ತೇವೆ. ಗಣಕಯಂತ್ರವು ಒಂದು ಕಾರ್ಯದ ನಡುವೆ ಉಪಕಾರ್ಯವನ್ನು ಮುಗಿಸಿ ಹಿಂದಿರುಗುವುದೂ ಹೀಗೆಯೇ. ಅಲನ್ ಟ್ಯೂರಿಂಗರು 1946ರ ವೇಳೆಗೇ ಈ ಕ್ರಿಯೆಗಳಿಗೆ ‘ಹೂಳು’, ‘ಅಗೆದು ತೆಗೆ’ ಎಂಬರ್ಥದ ಹೆಸರುಗಳನ್ನು ಕೊಟ್ಟಿದ್ದರು.

ಆದರೆ ಕಾಯುತ್ತಿರುವವರು ಮನುಷ್ಯರಾದರೆ? ಒಂದು ಸಣ್ಣ ಲೆಕ್ಕವನ್ನು ನೋಡೋಣ. ಕಚೇರಿಯೊಂದಕ್ಕೆ 0, 1, 2 ಮತ್ತು 4ನೆಯ ನಿಮಿಷಗಳಲ್ಲಿ ನಾಲ್ಕು ಅರ್ಜಿಗಳು ಬರುತ್ತವೆ. ಒಂದೊಂದಕ್ಕೂ 3 ನಿಮಿಷಗಳ ಕೆಲಸ. ಸರದಿಯಂತೆ ನಡೆದರೆ ಅರ್ಜಿದಾರರು ಅನುಕ್ರಮವಾಗಿ 0, 2, 4, 5 ನಿಮಿಷ ಕಾಯುತ್ತಾರೆ. ಅಟ್ಟಿಯ ಮೇಲಿನದನ್ನೇ ಎತ್ತಿಕೊಂಡರೆ 0, 8, 1, 2 ನಿಮಿಷ. ಎರಡರಲ್ಲಿಯೂ ಮೊತ್ತ 11. ಆದುದರಿಂದ ಸರಾಸರಿಯೂ ಒಂದೇ. ಸರಾಸರಿಯನ್ನಷ್ಟೇ ನೋಡುವ ಅಧಿಕಾರಿಗೆ ಯಾವ ದೋಷವೂ ಕಾಣದು. ಎರಡನೆಯವನಾಗಿ ಬಂದು ಎಲ್ಲರಿಗಿಂತ ಕೊನೆಗುಳಿದವನಿಗೆ ಅದು ಚೆನ್ನಾಗಿ ಕಾಣುತ್ತದೆ. ಅರ್ಜಿಗಳು ಎಡೆಬಿಡದೆ ಬರುತ್ತಿದ್ದರೆ ಅಟ್ಟಿಯ ತಳದ ಕಾಗದಕ್ಕೆ ಬೆಳಕೇ ಇಲ್ಲ.

‘ಸಕಾಲ’ ಎಂದು ಹೆಸರಾದ ಕರ್ನಾಟಕದ 2011ರ ಶಾಸನವು ನಾಗರಿಕ ಸೇವೆಗಳಿಗೆ ಕಾಲಮಿತಿಯನ್ನು ಗೊತ್ತುಪಡಿಸಿತು. ಅದರ ಭರವಸೆ ಸರಾಸರಿಗೆ ಸಂಬಂಧಿಸಿದುದಲ್ಲ, ಒಬ್ಬೊಬ್ಬ ಅರ್ಜಿದಾರನಿಗೂ ಸಂಬಂಧಿಸಿದುದು. ಇಂತಹ ಸೇವೆಗಳಿಗೆ ಪ್ರೋಗ್ರಾಮ್ ಬರೆಯುವ ತರುಣನು ಅಟ್ಟಿಯನ್ನು ಆರಿಸಿದರೆ, ಯಂತ್ರವು ತಪ್ಪಿಲ್ಲದೆ ನಡೆಯುತ್ತಲೇ ಅನ್ಯಾಯವನ್ನು ಎಸಗುತ್ತದೆ.

ಆದುದರಿಂದ ಲಕ್ಷಣಗಳನ್ನು ಒಪ್ಪಿಸುವ ಮೊದಲು ‘ಇಲ್ಲಿ ಕಾಯುತ್ತಿರುವವರು ಯಾರು?’ ಎಂದು ಕೇಳುವ ಅಭ್ಯಾಸವನ್ನು ನಾವು ವಿದ್ಯಾರ್ಥಿಗಳಲ್ಲಿ ಬೆಳೆಸಬೇಕು. ಕಾಯುತ್ತಿರುವುದು ನಮ್ಮದೇ ಅರ್ಧಕ್ಕೆ ನಿಂತ ಕೆಲಸವಾದರೆ ಅಟ್ಟಿ ಸಾಕು. ಬೇರೊಬ್ಬರಾದರೆ ಸರದಿಯೇ ಧರ್ಮ.