ಹೂಜಿಯ ತಂಪು, ಮೈಯ ತಂಪು

ಗಡಿನಾಡಿನ ಕನ್ನಡ ಮನೆಗಳಲ್ಲಿ ಬೇಸಗೆಯ ಮಾತು ಎಲ್ಲೆಡೆಯೂ ಒಂದೇ ತೆರನಾಗಿರುವುದಿಲ್ಲ. ಸೊಲ್ಲಾಪುರ, ಅಕ್ಕಲಕೋಟೆ, ಆದೋನಿಗಳ ಕಡೆ ಉಷ್ಣತೆ ೪೦ ಡಿಗ್ರಿ ಸೆಲ್ಸಿಯಸ್ ದಾಟುವುದು ಹೊಸತಲ್ಲ. ಕಾಸರಗೋಡಿನಲ್ಲಾದರೋ ೩೪-೩೫ರಲ್ಲಿಯೇ ಉಟ್ಟ ಬಟ್ಟೆ ಬೆವರಿನಿಂದ ತೊಯ್ದುಹೋಗುತ್ತದೆ. ಬರಿಯ ಅಂಕಿಯನ್ನು ನೋಡಿದರೆ ಸೊಲ್ಲಾಪುರದವರ ಪಾಡೇ ಕಷ್ಟವೆನ್ನಬೇಕು. ಆದರೂ ಅಲ್ಲಿಂದ ಮದುವೆ ಮುಂಜಿಗೆಂದು ಕರಾವಳಿಗೆ ಬಂದ ನೆಂಟರು, ಈ ಸೆಕೆಗಿಂತ ನಮ್ಮೂರ ಬಿಸಿಲೇ ವಾಸಿ ಎನ್ನುವುದುಂಟು. ಈ ಮಾತಿನಲ್ಲಿ ಹುರುಳಿದೆಯೆ? ಇದೆ. ಅದರ ಗುಟ್ಟು ಅಡುಗೆಮನೆಯ ಮೂಲೆಯ ಮಣ್ಣಿನ ಹೂಜಿಯಲ್ಲಿದೆ.

ಹೂಜಿಯ ಮೈತುಂಬ ಕಣ್ಣಿಗೆ ಕಾಣದ ರಂಧ್ರಗಳಿವೆ. ಒಳಗಿನ ನೀರು ಅವುಗಳ ಮೂಲಕ ಹೊರಮೈಗೆ ಜಿನುಗಿ ಆವಿಯಾಗುತ್ತದೆ. ಆವಿಯಾಗಲು ನೀರಿಗೆ ಶಾಖ ಬೇಕು. ಅದನ್ನು ಅದು ಹೂಜಿಯಿಂದಲೂ ಉಳಿದ ನೀರಿನಿಂದಲೂ ಸೆಳೆದುಕೊಳ್ಳುತ್ತದೆ. ಒಳಗಿನ ನೀರು ತಣ್ಣಗಾಗುವುದು ಹೀಗೆ. ಹಿತ್ತಾಳೆಯ ಕೊಡದಲ್ಲಿ ಈ ಕೆಲಸ ನಡೆಯದು. ಲವಣ ಕಟ್ಟಿ ರಂಧ್ರಗಳು ಮುಚ್ಚಿಹೋದ ಹಳೆಯ ಹೂಜಿಯಲ್ಲಿಯೂ ನಡೆಯದು.

ನಮ್ಮ ದೇಹವೂ ಇಂಥ ಒಂದು ಹೂಜಿಯೇ. ಸುಮ್ಮನೆ ಕುಳಿತಿದ್ದರೂ ಅದು ಶಾಖವನ್ನು ಹುಟ್ಟಿಸುತ್ತಲೇ ಇರುತ್ತದೆ. ಆ ಶಾಖ ಹೊರಹೋಗದಿದ್ದರೆ ಮೈಯ ಉಷ್ಣತೆ ಗಂಟೆಗೆ ಸುಮಾರು ಒಂದು ಡಿಗ್ರಿಯಂತೆ ಏರುತ್ತದೆ. ಅದನ್ನು ೩೭ರ ಆಸುಪಾಸಿನಲ್ಲಿ ನಿಲ್ಲಿಸಲು ಚರ್ಮದಲ್ಲಿ ಲಕ್ಷಗಟ್ಟಲೆ ಬೆವರಿನ ಗ್ರಂಥಿಗಳಿವೆ. ಒಂದು ಲೀಟರು ಬೆವರು ಆವಿಯಾಗುವಾಗ ಒಯ್ಯುವ ಶಾಖದಿಂದ ಸುಮಾರು ಆರು ಲೀಟರು ಮಂಜಿನಂಥ ತಣ್ಣೀರನ್ನು ಕುದಿಯುವ ಮಟ್ಟಕ್ಕೆ ತರಬಹುದು.

೧೭೭೪ರಲ್ಲಿ ಲಂಡನ್ನಿನ ವೈದ್ಯ ಜಾರ್ಜ್ ಫೋರ್ಡೈಸ್ ಸಿದ್ಧಪಡಿಸಿದ್ದ ಬಿಸಿಕೋಣೆಯನ್ನು ಚಾರ್ಲ್ಸ್ ಬ್ಲಾಗ್ಡನ್ ಮತ್ತು ಗೆಳೆಯರು ಹೊಕ್ಕು ಪರೀಕ್ಷಿಸಿದರು. ಅಲ್ಲಿನ ಒಣಗಾಳಿ ಕುದಿಯುವ ನೀರಿಗಿಂತಲೂ ಬಿಸಿಯಾಗಿತ್ತು. ತಗಡಿನ ಮೇಲಿಟ್ಟ ಮೊಟ್ಟೆ ಇಪ್ಪತ್ತು ನಿಮಿಷಗಳಲ್ಲಿ ಬೆಂದು ಗಟ್ಟಿಯಾಯಿತು. ಕೆಲವು ನಿಮಿಷ ಒಳಗಿದ್ದ ಮನುಷ್ಯರು ಕ್ಷೇಮವಾಗಿ ಹೊರಬಂದರು. ಅದೇ ಕೋಣೆಯಲ್ಲಿ ಮಣ್ಣಿನ ಪಾತ್ರೆಯಲ್ಲಿಟ್ಟ ನೀರು ಬಹಳ ಹೊತ್ತಾದರೂ ಕುದಿಯಲಿಲ್ಲ. ಅದರ ಮೇಲೆ ತುಸು ಎಣ್ಣೆ ಬಿಟ್ಟ ಮೇಲೆ, ಆವಿಯ ದಾರಿ ಮುಚ್ಚಿ, ಕಡೆಗೆ ಕೊತಕೊತನೆ ಕುದಿಯಿತು.

ಕರಾವಳಿಯ ತೇವಭರಿತ ಗಾಳಿ ಆ ಎಣ್ಣೆಯ ಪೊರೆಯಂತೆಯೇ ಆವಿಗೆ ಅಡ್ಡಿಯಾಗುತ್ತದೆ. ಉಷ್ಣಮಾಪಕದ ಬುಡಕ್ಕೆ ಒದ್ದೆ ಬಟ್ಟೆ ಸುತ್ತಿ ಗಾಳಿ ಬೀಸಿದರೆ, ಆವಿಯಾಗುವಿಕೆಯಿಂದ ಎಷ್ಟು ತಂಪು ದೊರೆಯಬಲ್ಲದೆಂಬುದು ತಿಳಿಯುತ್ತದೆ. ಗಾಳಿ ೪೨ ಡಿಗ್ರಿಯಿದ್ದು ತೇವಾಂಶ ಶೇಕಡಾ ೧೫ ಇದ್ದರೆ ಈ ಒದ್ದೆ ಬಟ್ಟೆಯ ಮಾಪಕ ಸುಮಾರು ೨೨ಕ್ಕೆ ಇಳಿಯುತ್ತದೆ. ಗಾಳಿ ೩೪ ಡಿಗ್ರಿಯಿದ್ದು ತೇವಾಂಶ ಶೇಕಡಾ ೭೦ ಇದ್ದರೆ ೨೯ರಲ್ಲಿಯೇ ನಿಲ್ಲುತ್ತದೆ. ನೆಂಟರ ಮಾತು ನಿಜವಾಯಿತಲ್ಲವೆ? ಒದ್ದೆ ಬಟ್ಟೆಯ ಈ ಅಂಕಿ ೩೫ನ್ನು ಮುಟ್ಟಿ ಹಾಗೆಯೇ ನಿಂತರೆ ನೆರಳಿನಲ್ಲಿ ಸುಮ್ಮನೆ ಕುಳಿತ ಆರೋಗ್ಯವಂತನೂ ಕೆಲವು ಗಂಟೆಗಳಿಗಿಂತ ಹೆಚ್ಚು ತಾಳಲಾರನೆಂದು ೨೦೧೦ರಲ್ಲಿ ವಿಜ್ಞಾನಿಗಳು ಲೆಕ್ಕಹಾಕಿದರು. ೨೦೨೨ರಲ್ಲಿ ಪ್ರಕಟವಾದ ಅಮೆರಿಕದ ಪ್ರಯೋಗಗಳಲ್ಲಿ, ತೇವದ ಗಾಳಿಯಲ್ಲಿ ತರುಣರ ಮೈಯೂ ೩೧ರ ಸುಮಾರಿಗೇ ಸೋಲತೊಡಗಿತು.

ಹಾಗೆಂದು ಒಣ ಸೀಮೆಯವರು ನಿಶ್ಚಿಂತರಾಗುವಂತಿಲ್ಲ. ಅಲ್ಲಿ ಬೆವರು ಕಾಣಿಸಿಕೊಳ್ಳುವ ಮೊದಲೇ ಆರಿಹೋಗುವುದರಿಂದ, ಮೈ ಎಷ್ಟು ನೀರು ಕಳೆದುಕೊಂಡಿತೆಂಬುದೇ ತಿಳಿಯುವುದಿಲ್ಲ. ಬಿಸಿಲಿನಲ್ಲಿ ದುಡಿಯುವವರು ಗಂಟೆಗೆ ಒಂದು ಲೀಟರಿನಷ್ಟು ಬೆವರನ್ನು ಕಳೆದುಕೊಳ್ಳಬಹುದು. ನೀರಿನೊಡನೆ ಉಪ್ಪೂ ಹೋಗುತ್ತದೆ. ಉಪ್ಪು ಬೆರೆಸಿದ ನೀರುಮಜ್ಜಿಗೆಯ ಹಿರಿಯರ ರೂಢಿ ಅರ್ಥವಿಲ್ಲದ್ದಲ್ಲ. ಬೇಸಗೆಯಲ್ಲಿ ಹೊರಗೆ ದುಡಿಯುವವರಿಗೆ ಮಧ್ಯಾಹ್ನ ೧೨ರಿಂದ ೩ರವರೆಗೆ ಬಿಡುವು ಕೊಡಬೇಕೆಂದು ಕೇರಳದ ಕಾರ್ಮಿಕ ಇಲಾಖೆ ಆದೇಶ ಹೊರಡಿಸುತ್ತ ಬಂದಿದೆ. ನಮ್ಮ ತೋಟದಲ್ಲಿ, ಹೊಲದಲ್ಲಿ, ಮನೆ ಕಟ್ಟುವಲ್ಲಿ ದುಡಿಯುವ ಆಳುಗಳ ವಿಷಯದಲ್ಲಿ ಆದೇಶಕ್ಕೆ ಕಾಯದೆ ನಾವೇ ಈ ನಿಯಮವನ್ನು ಪಾಲಿಸಬೇಕು.

ಮನೆಯೊಳಗೂ ಎಚ್ಚರ ಬೇಕು. ವಯಸ್ಸಾದಂತೆ ಬೆವರು ಕಡಿಮೆಯಾಗುತ್ತದೆ, ಬಾಯಾರಿಕೆಯೂ ಮಂದವಾಗುತ್ತದೆ. ‘ನನಗೆ ನೀರು ಬೇಡ’ ಎಂಬ ಅಜ್ಜಿಯ ಮಾತನ್ನು ನಂಬಿ ಸುಮ್ಮನಿರಲಾಗದು. ಹೊತ್ತುಹೊತ್ತಿಗೆ ಲೋಟವನ್ನು ಕೈಗಿಡಬೇಕು. ಬಿಸಿಲಲ್ಲಿದ್ದವರು ಅಸಂಬದ್ಧವಾಗಿ ಮಾತನಾಡತೊಡಗಿದರೆ ಅಥವಾ ಮೈ ಕೆಂಡವಾಗಿ ಪ್ರಜ್ಞೆ ತಪ್ಪಿದರೆ, ಒಳಗಿನ ಉಷ್ಣತೆ ೪೦ ಡಿಗ್ರಿ ದಾಟಿರಬಹುದು. ಕೂಡಲೆ ನೆರಳಿಗೆ ತಂದು, ಬಟ್ಟೆ ಸಡಿಲಿಸಿ, ಮೈಮೇಲೆ ನೀರು ಸುರಿದು ಬೀಸಬೇಕು. ಪ್ರಜ್ಞೆಯಿಲ್ಲದವರ ಬಾಯಿಗೆ ನೀರು ಹಾಕಕೂಡದು. ತಂಪುಮಾಡುತ್ತಲೇ ಆಸ್ಪತ್ರೆಗೆ ಸಾಗಿಸಬೇಕು. ಇಲ್ಲಿ ಒಂದೊಂದು ನಿಮಿಷವೂ ಜೀವದ ಬೆಲೆಯದು.