ಐವತ್ತು ಗಂಟೆಗಳ ಲೆಕ್ಕ

ಥಾಣೆಯಿಂದ ಡೊಂಬಿವಲಿ, ಕಲ್ಯಾಣದವರೆಗಿನ ರೈಲುಹಾದಿಯ ಎರಡೂ ಬದಿಗಳಲ್ಲಿ ಮತ್ತು ಕಡಲ ಹಿನ್ನೀರಿನಾಚೆಯ ನವಿಮುಂಬಯಿಯಲ್ಲಿ ಮಹಾರಾಷ್ಟ್ರ ರಾಜ್ಯ ಮಂಡಳಿ, ಸಿಬಿಎಸ್‌ಇ, ಐಸಿಎಸ್‌ಇ ಪರೀಕ್ಷೆ ನಡೆಸುವ ಸಿಐಎಸ್‌ಸಿಇ, ಇಂಗ್ಲೆಂಡಿನ ಕೇಂಬ್ರಿಜ್ ಮತ್ತು ಜಿನೀವಾ ಮೂಲದ ಐಬಿ ಎಂಬ ಐದು ವ್ಯವಸ್ಥೆಗಳ ಶಾಲೆಗಳು ಹರಡಿಕೊಂಡಿವೆ. ಐದನೆಯ ತರಗತಿಯ ಭಿನ್ನರಾಶಿ ಈ ಐದರಲ್ಲಿಯೂ ಭಿನ್ನರಾಶಿಯೇ. ಅದನ್ನು ಕಲಿಸುವವರಿಗೆ ದೊರೆಯುವ ಸೇವಾನಿರತ ತರಬೇತಿ, ಎಂದರೆ ನೌಕರಿಗೆ ಸೇರಿದ ಮೇಲೆ ಶಿಕ್ಷಕರು ಪಡೆಯುವ ವೃತ್ತಿಶಿಕ್ಷಣ, ಮಾತ್ರ ಮಂಡಳಿಗೊಂದು ಬಗೆಯಾಗಿದೆ.

ಡಿ.ಎಸ್. ಕೊಠಾರಿ ಅಧ್ಯಕ್ಷತೆಯ ಶಿಕ್ಷಣ ಆಯೋಗವು 1966ರ ವರದಿಯಲ್ಲಿ ಪ್ರತಿ ಶಿಕ್ಷಕರಿಗೂ ಐದು ವರ್ಷಗಳಿಗೊಮ್ಮೆ ಕನಿಷ್ಠ ಎರಡು ಮೂರು ತಿಂಗಳ ತರಬೇತಿ ಇರಬೇಕೆಂದಿತ್ತು. 2020ರ ರಾಷ್ಟ್ರೀಯ ಶಿಕ್ಷಣ ನೀತಿ ವರ್ಷಕ್ಕೆ ಕನಿಷ್ಠ 50 ಗಂಟೆ ಎಂದಿದೆ. ದಿನಕ್ಕೆ ಆರು ಗಂಟೆಯಂತೆ ಹಿಡಿದರೂ ಐದು ವರ್ಷಕ್ಕೆ ಇದು ಸುಮಾರು 42 ದಿನಗಳಷ್ಟೇ ಆಗುವುದರಿಂದ, ಅರ್ಧ ಶತಮಾನ ಕಳೆಯುವಷ್ಟರಲ್ಲಿ ದೇಶದ ಆಕಾಂಕ್ಷೆ ದೊಡ್ಡದಾಗುವ ಬದಲು ಸ್ವಲ್ಪ ಕುಗ್ಗಿದೆಯೆಂದೇ ಹೇಳಬೇಕು.

ಈ ಗಂಟೆಗಳನ್ನು ತುಂಬುವ ದಾರಿಗಳು ಬೇರೆಬೇರೆ. ರಾಜ್ಯ ಮಂಡಳಿಯ ಪ್ರಾಥಮಿಕ ಶಿಕ್ಷಕರಿಗೆ ಪುಣೆಯ ರಾಜ್ಯ ಶೈಕ್ಷಣಿಕ ಸಂಶೋಧನೆ ಮತ್ತು ತರಬೇತಿ ಪರಿಷತ್ತು ಮೇಲಿದ್ದರೆ, ಅದರ ಕೆಳಗೆ ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆ, ಅಂದರೆ ಡಯಟ್ ಇರುತ್ತದೆ. ಥಾಣೆ ಜಿಲ್ಲೆಯ ಡಯಟ್ ಇರುವುದು ಅಂಬರನಾಥ ತಾಲೂಕಿನ ರಹಾಟೋಲಿಯಲ್ಲಿ. ಅದಕ್ಕೂ ಕೆಳಗೆ ಹತ್ತಾರು ಶಾಲೆಗಳನ್ನು ಒಟ್ಟುಗೂಡಿಸಿದ 'ಕೇಂದ್ರ'ವಿದ್ದು, ಅದರ ಮೇಲ್ವಿಚಾರಕರಾದ ಕೇಂದ್ರ ಪ್ರಮುಖರು ತಿಂಗಳಿಗೊಮ್ಮೆ ಶಿಕ್ಷಣ ಪರಿಷದ್ ಎಂಬ ಸಭೆ ಕರೆಯುತ್ತಾರೆ. ಇದಲ್ಲದೆ ಹನ್ನೆರಡು ವರ್ಷ ಸೇವೆ ಸಲ್ಲಿಸಿದವರಿಗೆ ಹಿರಿಯ ವೇತನ ಶ್ರೇಣಿ, ಇಪ್ಪತ್ತನಾಲ್ಕು ವರ್ಷ ಸಲ್ಲಿಸಿದವರಿಗೆ ನಿವಡ ಶ್ರೇಣಿ, ಎಂದರೆ ಆಯ್ಕೆ ಶ್ರೇಣಿ, ಸಿಗಬೇಕಾದರೆ ಪ್ರತ್ಯೇಕ ತರಬೇತಿ ಮುಗಿಸಿರಬೇಕು. 2022ರಲ್ಲಿ ಇದನ್ನು ಆನ್‌ಲೈನಿನಲ್ಲಿ ನಡೆಸಿದಾಗ ತಲಾ 2,000 ರೂಪಾಯಿ ಶುಲ್ಕವನ್ನೂ ಗೊತ್ತುಮಾಡಲಾಗಿತ್ತು. ತರಬೇತಿಯನ್ನು ಸಂಬಳದ ಬಾಗಿಲಿಗೆ ಚಿಲಕವಾಗಿ ಜೋಡಿಸಿದ ಮೇಲೆ, ಜನ ಬರುವುದು ಚಿಲಕ ತೆಗೆಯಲಿಕ್ಕೇ ಹೊರತು ಒಳಗೇನಿದೆಯೆಂದು ನೋಡಲಿಕ್ಕಲ್ಲ; ಇದಕ್ಕೆ ಶಿಕ್ಷಕರನ್ನು ದೂರಿ ಫಲವಿಲ್ಲ.

ಸಿಬಿಎಸ್‌ಇ ತನ್ನ 50 ಗಂಟೆಗಳನ್ನು ಎರಡಾಗಿ ಸೀಳಿ, 25 ಗಂಟೆಗಳನ್ನು ಮಂಡಳಿ ಅಥವಾ ಸರಕಾರಿ ಸಂಸ್ಥೆಗಳ ಮೂಲಕ, ಉಳಿದ 25 ಗಂಟೆಗಳನ್ನು ಶಾಲೆಯೊಳಗೆ ಇಲ್ಲವೆ ನೆರೆಯ ಶಾಲೆಗಳ ಗುಂಪಿನಲ್ಲಿ ಪೂರೈಸುವಂತೆ ವಿಧಿಸಿದೆ. ಐಬಿಯಲ್ಲಿ ಶಿಕ್ಷಕರ ಕಾರ್ಯಾಗಾರಗಳು ಮಾನ್ಯತೆಯ ಷರತ್ತಿನ ಭಾಗವಾಗಿರುವುದರಿಂದ ಶಾಲೆಯೇ ಅದಕ್ಕೆ ಹಣ ತೆಗೆದಿಡುತ್ತದೆ. ಆ ಹಣ ಪೋಷಕರ ಶುಲ್ಕದಿಂದಲೇ ಬರುವುದೆಂಬುದು ಬೇರೆ ಮಾತು. ಸರಕಾರಿ ತರಬೇತಿಯ ಮತ್ತು ದುಬಾರಿ ಶುಲ್ಕದ ಶಾಲೆಗಳ ನಡುವೆ, ಅನುದಾನವೂ ಇಲ್ಲದ, ದುಬಾರಿ ಶುಲ್ಕವನ್ನೂ ಕೇಳಲಾರದ ರಾಜ್ಯ ಮಂಡಳಿಯ ಖಾಸಗಿ ಆಂಗ್ಲ ಮಾಧ್ಯಮ ಶಾಲೆಗಳಿವೆ. ಡೊಂಬಿವಲಿ, ಕಲ್ಯಾಣಗಳಲ್ಲಿ ಮಧ್ಯಮವರ್ಗದ ಮಕ್ಕಳ ದೊಡ್ಡ ಪಾಲು ಕಲಿಯುವುದು ಇಂಥಲ್ಲಿಯೇ ಆದರೂ ಇಲ್ಲಿನ ಶಿಕ್ಷಕರ ತರಬೇತಿಗೆ ಹೊಣೆ ಯಾರೆಂಬುದು ಸ್ಪಷ್ಟವಿಲ್ಲ.

ಕನ್ನಡಿಗರಿಗೆ ಈ ವಿಷಯ ದೂರದ್ದಲ್ಲ. ಡೊಂಬಿವಲಿಯ ಕರ್ನಾಟಕ ಸಂಘವು ಮಂಜುನಾಥ ಹೆಸರಿನ ಶಿಕ್ಷಣ ಸಂಸ್ಥೆಗಳನ್ನೂ, ಥಾಣೆಯ ನವೋದಯ ಕನ್ನಡ ಸೇವಾ ಸಂಘವು ನವೋದಯ ಶಾಲೆಯನ್ನೂ ಕಟ್ಟಿದ್ದು ಹೊಟ್ಟೆಪಾಡಿಗೆ ಬಂದವರ ಮಕ್ಕಳಿಗೆ ಓದಿನ ನೆಲೆಯಾಗಲೆಂದು. ಇಂದು ಈ ಊರುಗಳ ಅನೇಕ ಆಂಗ್ಲ ಮಾಧ್ಯಮ ತರಗತಿಗಳಲ್ಲಿ ತುಳು, ಕನ್ನಡ, ಮರಾಠಿ, ಭೋಜಪುರಿ, ಮಲಯಾಳಂ ಮನೆಮಾತಿನ ಮಕ್ಕಳು ಒಂದೇ ಬೆಂಚಿನಲ್ಲಿ ಕುಳಿತು ಇಂಗ್ಲಿಷಿನಲ್ಲಿ ಪಾಠ ಕೇಳುತ್ತಾರೆ. ಶಿಕ್ಷಕಿಯ ಮನೆಮಾತು ಇವೆಲ್ಲಕ್ಕಿಂತ ಬೇರೆಯಾಗಿರುವುದೂ ಉಂಟು. ಮಗುವಿಗೆ ಲೆಕ್ಕ ಬರುತ್ತಿಲ್ಲವೋ ಲೆಕ್ಕದ ಭಾಷೆ ಬರುತ್ತಿಲ್ಲವೋ ಎಂದು ಗುರುತಿಸುವುದೇ ಇಲ್ಲಿನ ಶಿಕ್ಷಕರ ದಿನನಿತ್ಯದ ನಿಜವಾದ ಕಸುಬು. ಐದೂ ವ್ಯವಸ್ಥೆಗಳು ತಮ್ಮತಮ್ಮ ಪಠ್ಯಕ್ರಮ, ಮೌಲ್ಯಮಾಪನದ ನಮೂನೆ, ಹೊಸ ಪರಿಭಾಷೆಗಳನ್ನು ಶ್ರದ್ಧೆಯಿಂದ ಕಲಿಸುತ್ತವೆ; ಆದರೆ ಎಲ್ಲರಿಗೂ ಸಮಾನವಾದ ಈ ಕಸುಬಿಗೆ ಸಿಗುವ ಸಮಯ ಅತ್ಯಲ್ಪ. ಭಾಷೆಯ ವಿವಾದದಲ್ಲೂ ಇದೇ ಕಥೆ: ಒಂದನೆಯ ತರಗತಿಯಿಂದ ಹಿಂದಿಯನ್ನು ಮೂರನೆಯ ಭಾಷೆಯಾಗಿಸುವ ಮಹಾರಾಷ್ಟ್ರ ಸರಕಾರದ 2025ರ ಏಪ್ರಿಲ್ 16ರ ಆದೇಶ ಎಬ್ಬಿಸಿದ ಗದ್ದಲ ಜೂನ್ 29ರಂದು ಅದನ್ನು ಹಿಂತೆಗೆದುಕೊಳ್ಳುವ ತನಕ ನಡೆಯಿತು; ಕಲಿಸುವವರನ್ನು ಯಾರು ಸಜ್ಜುಗೊಳಿಸಬೇಕೆಂಬ ಪ್ರಶ್ನೆ ಅಸ್ಮಿತೆಯ ಚರ್ಚೆಯ ಬೆನ್ನಹಿಂದೆ ಉಳಿಯಿತು.

ತರಬೇತಿ ಮೇಲಿನಿಂದಲೇ ಇಳಿಯಬೇಕೆಂಬ ನಿಯಮವೇನೂ ಇಲ್ಲ. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲೂಕಿನ ಪ್ರಾಥಮಿಕ ಶಿಕ್ಷಕರು ಆಂಧ್ರದ ರಿಷಿ ವ್ಯಾಲಿಯ ಗ್ರಾಮೀಣ ಶಾಲೆಗಳನ್ನು ನೋಡಿ ಬಂದು, ಅಲ್ಲಿನ ಕಲಿಕೆಯ ಏಣಿಯನ್ನೂ ಕಾರ್ಡುಗಳನ್ನೂ ತಮ್ಮ ಮಕ್ಕಳಿಗೆ ತಕ್ಕಂತೆ ಕನ್ನಡದಲ್ಲಿ ತಾವೇ ಕುಳಿತು ಬರೆದುದರಿಂದ ನಲಿ-ಕಲಿ ಹುಟ್ಟಿತು. ಜಪಾನಿನಲ್ಲಿ ಒಬ್ಬರು ಪಾಠ ಮಾಡುವಾಗ ಸಹೋದ್ಯೋಗಿಗಳು ಹಿಂದೆ ಕುಳಿತು ಮಕ್ಕಳನ್ನು ಗಮನಿಸಿ, ಆಮೇಲೆ ಒಟ್ಟಿಗೆ ಚರ್ಚಿಸುವ ಪಾಠ ಅಧ್ಯಯನವೆಂಬ ಪದ್ಧತಿಯ ತಿರುಳೂ ಇದೇ.

ಇದರ ನಡುವೆ 2025ರ ಸೆಪ್ಟೆಂಬರ್ 1ರಂದು, ಮಹಾರಾಷ್ಟ್ರದ್ದೂ ಸೇರಿದ ಪ್ರಕರಣಗಳಲ್ಲಿ ತೀರ್ಪು ನೀಡಿದ ಸುಪ್ರೀಂ ಕೋರ್ಟ್, ನಿವೃತ್ತಿಗೆ ಐದು ವರ್ಷಕ್ಕಿಂತ ಹೆಚ್ಚು ಕಾಲವಿರುವ ಸೇವಾನಿರತ ಶಿಕ್ಷಕರು ಎರಡು ವರ್ಷಗಳೊಳಗೆ ಶಿಕ್ಷಕ ಅರ್ಹತಾ ಪರೀಕ್ಷೆ, ಅಂದರೆ ಟಿಇಟಿ, ತೇರ್ಗಡೆಯಾಗಬೇಕೆಂದಿತು. ಅಲ್ಪಸಂಖ್ಯಾತ ಸಂಸ್ಥೆಗಳಿಗೆ ಶಿಕ್ಷಣ ಹಕ್ಕು ಕಾಯ್ದೆ ಅನ್ವಯಿಸುವುದೇ ಎಂಬ ಪ್ರಶ್ನೆಯನ್ನು ವಿಸ್ತೃತ ಪೀಠದತ್ತ ಕಳಿಸಿತು. ಭಾಷಾ ಅಲ್ಪಸಂಖ್ಯಾತರೆಂಬ ಮಾನ್ಯತೆಯುಳ್ಳ ಹೊರನಾಡ ಕನ್ನಡಿಗರ ಶಾಲೆಗಳಿಗೂ ಆ ಉತ್ತರ ಬೇಕಾಗಿದೆ. ಅರ್ಹತೆಯನ್ನು ಅಳೆಯುವುದು ತಪ್ಪಲ್ಲ. ಆದರೆ ಇಪ್ಪತ್ತು ವರ್ಷ ಕಲಿಸಿದವರನ್ನು ಅಳೆಯುವ ಮೊದಲು ಆ ಇಪ್ಪತ್ತು ವರ್ಷಗಳಲ್ಲಿ ಅವರಿಗೆ ಏನನ್ನು ಕೊಡಲಾಗಿತ್ತೆಂದೂ ಕೇಳಬೇಕಾಗಿತ್ತು.

ಆಗಬಹುದಾದ ಕೆಲಸ ಕೈಗೆಟಕುವಷ್ಟು ಹತ್ತಿರದಲ್ಲಿದೆ. ನವಿಮುಂಬಯಿ ಮಹಾನಗರಪಾಲಿಕೆ ರಾಜ್ಯ ಮಂಡಳಿಯ ಶಾಲೆಗಳ ಜತೆಗೆ ಸೀವುಡ್ಸ್, ಕೋಪರಖೈರಣೆಗಳಲ್ಲಿ ಸಿಬಿಎಸ್‌ಇ ಶಾಲೆಗಳನ್ನೂ ತೆರೆದಿರುವುದರಿಂದ, ಎರಡು ಮಂಡಳಿಗಳ ಶಿಕ್ಷಕರನ್ನು ಒಂದೇ ಕೋಣೆಯಲ್ಲಿ ಕೂರಿಸುವುದು ಅದಕ್ಕೆ ಹೆಚ್ಚು ಕಷ್ಟವಾಗಲಾರದು. ಥಾಣೆ, ಕಲ್ಯಾಣ-ಡೊಂಬಿವಲಿ ಪಾಲಿಕೆಗಳು ತಿಂಗಳ ಶಿಕ್ಷಣ ಪರಿಷದನ್ನು ಸುತ್ತೋಲೆ ಓದುವ ಸಭೆಯಾಗಿ ಬಿಡದೆ, ಅದೇ ವಾರ್ಡಿನ ಬೇರೆ ಮಂಡಳಿಗಳ ಮತ್ತು ಅನುದಾನರಹಿತ ಶಾಲೆಗಳ ಶಿಕ್ಷಕರಿಗೂ ತೆರೆದು, ಒಂದು ತಿಂಗಳು ಭಿನ್ನರಾಶಿ, ಇನ್ನೊಂದು ತಿಂಗಳು ಓದಲು ತಡವರಿಸುವ ಮಕ್ಕಳು ಎಂದು ವಿಷಯ ಗೊತ್ತುಮಾಡಬಹುದು. ಜಾಗ ಬೇಕಾದರೆ ವಾರದ ದಿನಗಳಲ್ಲಿ ಕನ್ನಡ ಸಂಘಗಳ ಸಭಾಗೃಹಗಳನ್ನು ಕೇಳಬಹುದು. ಒಂದು ಸಭೆಯ ಆರು ಗಂಟೆಗಳನ್ನು ನೆರೆಶಾಲೆಗಳ ಪಾಲಿನ 25 ಗಂಟೆಗಳಲ್ಲಿ ಎಣಿಸಲು ಸಿಬಿಎಸ್‌ಇ ಸಮ್ಮತಿಸಿದರೆ, ವರ್ಷಕ್ಕೆ ಇಂಥ ನಾಲ್ಕು ಸಭೆಗಳಾಗುವಷ್ಟರಲ್ಲಿ ಉಳಿಯುವುದು ಒಂದೇ ಗಂಟೆ.